ನಿನಗ್ಯಾಕಪ್ಪ ಈ ಹಳೇ ಯೆಜ್ಡಿ?

ಹೋದ ಭಾನುವಾರ ಒಂದು ಫೋಟೋ ಹಾಕಿದ್ದೆ. ಮನೆ ಮುಂದೆ ಬಿಚ್ಚಿಟ್ಟ ಯೆಜ್ಡಿ ಎಂಜಿನ್, ಪಕ್ಕದಲ್ಲಿ ಗ್ರೀಸ್ ಮೆತ್ತಿದ ನನ್ನ ಕೈ. ತುಂಬಾ ಜನ ಲೈಕ್ ಒತ್ತಿದ್ರಿ, ಖುಷಿ ಆಯ್ತು. ರಾತ್ರಿ ಹಿರಿಯ ಸಂಗಾತಿಯೊಬ್ಬರು ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. "ಹಾಸ್ಟೆಲ್ಲು, ಭೂಮಿ, ಸ್ಮಶಾನದ ಜಾಗ ಅಂತ ನೂರೆಂಟು ಕೆಲಸ ಬಿದ್ದಿದೆ. ನಿನಗ್ಯಾಕಪ್ಪ ಈ ಹಳೇ ಯೆಜ್ಡಿ? ಅದೆಲ್ಲಾ ದುಡ್ಡಿದ್ದೋರ ಶೋಕಿ" ಅಂದರು. ನಾನು ಗೌರವಿಸೋ ಮನುಷ್ಯ. ಫೋನಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಗಾಡಿ 1983ರ ಯೆಜ್ಡಿ ರೋಡ್‌ಕಿಂಗ್. ಹೊರದೇಶಗಳಲ್ಲಿ ಹಳೇ ಸ್ಪೋರ್ಟ್ಸ್ ಕಾರನ್ನ ಮನೆಯಲ್ಲೇ ಬಿಚ್ಚಿ, ಜೋಡಿಸಿ, ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳೋರ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಮೈಸೂರಿನವರಿಗೆ ಆ ಹುಚ್ಚು ಹಿಡಿದರೆ ಅದು ಯೆಜ್ಡಿ ಮೇಲೆ ಹೋಗಿ ಕೂರುತ್ತೆ. ಯಾಕಂದ್ರೆ ಅದು ಇಲ್ಲೇ ತಯಾರಾದ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳು ತಯಾರಾಗ್ತಿದ್ದವು. 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು. ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. 250 ಸಿಸಿ ಟೂ ಸ್ಟ್ರೋಕ್, ಸಿಲಿಂಡರ್ ಒಂದೇ, ಆದರೆ ಸೈಲೆನ್ಸರ್ ಎರಡು. ಗೇರ್ ಲಿವರನ್ನೇ ತಿರುಗಿಸಿ ನಿಲ್ಲಿಸಿದರೆ ಕಿಕ್ಕರ್ ಆಗುತ್ತೆ. ಅದರ ಸದ್ದು ಕೇಳಿದವರಿಗೆ ನಾನು ವಿವರಿಸೋದು ಬೇಡ, ಕೇಳದವರಿಗೆ ವಿವರಿಸೋಕೆ ಬರಲ್ಲ.

ಎರಡು ವರ್ಷದ ಹಿಂದೆ ಒಂದು ಗುಜರಿಯಲ್ಲಿ ಮಳೆಗೆ ನೆನೀತಾ ನಿಂತಿತ್ತು. 22 ಸಾವಿರಕ್ಕೆ ಚೌಕಾಸಿ ಮಾಡಿ ತಂದೆ. ಆರ್‌ಸಿ ಇತ್ತು, ಎಂಜಿನ್ ನಂಬರ್ರು, ಚಾಸಿ ನಂಬರ್ರು ಅದಕ್ಕೆ ತಾಳೆ ಆಗ್ತಿತ್ತು. (ಆರ್‌ಸಿ ಇಲ್ಲದ ಹಳೇ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ತಗೋಬೇಡಿ. ಪೊಲೀಸರು ಅಡ್ಡ ಹಾಕಿದಾಗ ನಮ್ಮಂಥವರ ಹತ್ರ ಕಾಗದ ಇರೋದೇ ಮರ್ಯಾದೆ.) ಪಿಸ್ಟನ್ ಕಚ್ಚಿಕೊಂಡಿತ್ತು. ಪ್ಲಗ್ ತೂತಿನಿಂದ ಡೀಸೆಲ್ಲು, ಆಯಿಲ್ಲು ಬೆರೆಸಿ ಸುರಿದು ಐದು ದಿನ ನೆನೆಯೋಕೆ ಬಿಟ್ಟೆ. ಆರನೇ ದಿನ ಕಿಕ್ಕರ್ ಒಂದಿಂಚು ಕೆಳಗಿಳೀತು. ಆವತ್ತು ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ನಮ್ಮದು ಅಶೋಕಪುರಂನ ಸಣ್ಣ ಮನೆ. ಗ್ಯಾರೇಜ್ ಅಂತ ಜಾಗ ಇಲ್ಲ. ಬಾಗಿಲ ಮುಂದಿನ ಎಂಟಡಿ ಹತ್ತಡಿ ಜಾಗ, ಮೇಲೊಂದು ಶೀಟು, ಅವ್ವ ಬಟ್ಟೆ ಒಣಗಿಸೋ ತಂತಿ. ಅಲ್ಲೇ ಗೋಣಿಚೀಲ ಹಾಸಿಕೊಂಡು ಕೂತೆ. ನಾನು ಮೆಕ್ಯಾನಿಕ್ ಅಲ್ಲ, ಓದಿದ್ದು ಬಿ.ಎ. ಯೂಟ್ಯೂಬ್ ನೋಡಿ ಕಲಿತೆ, ತಪ್ಪು ಮಾಡಿ ಕಲಿತೆ. ಕ್ರ್ಯಾಂಕ್ ಸೀಲ್ ಹೋಗಿದ್ರೆ ಒಂದು ಕಡೆಯಿಂದ ಗೇರ್ ಆಯಿಲ್ ಒಳಗೆ ಎಳಕೊಂಡು ಬಿಳಿ ಹೊಗೆ ಉಗುಳುತ್ತೆ. ಇನ್ನೊಂದು ಕಡೆಯಿಂದ ಗಾಳಿ ಎಳಕೊಂಡು ಎಂಜಿನ್ ಅತಿಯಾಗಿ ಕಾಯುತ್ತೆ. ನನ್ನ ಗಾಡಿಯಲ್ಲಿ ಎರಡೂ ಸೀಲ್ ಹೋಗಿದ್ದವು. ಬ್ಯಾರೆಲ್ ಬೋರ್ ಮಾಡಿಸೋಕೆ, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಕೂರಿಸೋಕೆ ಲೇತ್ ಅಂಗಡಿಗೆ ಕೊಟ್ಟೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಮೂರು ಸಲ ಓಡಾಡಿದೆ. ಸಭೆಗೆ ಹೋದಾಗ ಹಾಗೇ ಹೋಗಿ ತಂದಿದ್ದು, ಅದನ್ನೂ ಹೇಳಿಬಿಡ್ತೀನಿ. ಎಲ್ಲಾ ಸೇರಿ ಇವತ್ತಿನವರೆಗೆ 41 ಸಾವಿರ ಆಗಿದೆ. ಎರಡು ವರ್ಷದಲ್ಲಿ, ತಿಂಗಳ ಸಂಬಳದಲ್ಲಿ ಉಳಿಸಿ ಉಳಿಸಿ.

ಇಷ್ಟೇ ಆಗಿದ್ರೆ ಸಂಗಾತಿ ಹೇಳಿದ್ದು ನಿಜ ಅಂತ ಒಪ್ಪಿಕೊಂಡು ಸುಮ್ಮನಾಗ್ತಿದ್ದೆ. ಆದರೆ ಈ ಗಾಡಿ ಮನೆಗೆ ಬಂದ ದಿನದಿಂದ ನಮ್ಮಪ್ಪ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಪ್ಪನಿಗೆ ಈಗ ಎಪ್ಪತ್ತೆರಡು. ಮೂವತ್ತು ವರ್ಷ ಒಂದು ಗ್ಯಾರೇಜಲ್ಲಿ ದುಡಿದವರು. ಹೆಸರು ಬೇಡ, ಈಗ ಆ ಗ್ಯಾರೇಜೂ ಇಲ್ಲ. ಯೆಜ್ಡಿ, ಬುಲೆಟ್, ರಾಜದೂತ್ ಎಲ್ಲಾ ಬರ್ತಿದ್ದವು. ಅಲ್ಲಿ ಕೆಲಸಗಾರರು ಆರು ಜನ. ಕಾರ್ಬುರೇಟರ್, ಟೈಮಿಂಗ್, ಟ್ಯೂನಿಂಗ್ ಓನರ್ರು ಮತ್ತು ಅವರ ಅಕ್ಕನ ಮಗನ ಕೆಲಸ. ಎಂಜಿನ್ ಬಿಚ್ಚೋದು, ಕಟ್ಟೋದು ಇನ್ನಿಬ್ಬರದು. ತೊಳೆಯೋದು, ಒರೆಸೋದು, ಸೈಲೆನ್ಸರ್ ಕಾರ್ಬನ್ ತೆಗೆಯೋದು ಅಪ್ಪನದು. ಸೇರಿದ ದಿನವೂ ಅದೇ, ಬಿಟ್ಟ ದಿನವೂ ಅದೇ. ಇದನ್ನ ಯಾರೂ ಬೋರ್ಡ್ ಬರೆದು ಹಾಕಿರಲಿಲ್ಲ. ಹಾಕೋ ಅಗತ್ಯವೂ ಇರಲಿಲ್ಲ.

ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯುತ್ತೆ. ಪೂರ್ತಿ ಉರಿಯದ ಆಯಿಲ್ ಸೈಲೆನ್ಸರ್ ಒಳಗೆ ಟಾರಿನ ಹಾಗೆ ಕಟ್ಟಿಕೊಳ್ಳುತ್ತೆ. ಕಟ್ಟಿಕೊಂಡಷ್ಟೂ ಗಾಡಿಗೆ ಉಸಿರಾಡೋಕೆ ಆಗಲ್ಲ, ಎಳೆಯಲ್ಲ. ಅದನ್ನ ತೆಗೆಯೋಕೆ ಒಂದೋ ಬೆಂಕಿಯಲ್ಲಿ ಸುಡಬೇಕು, ಇಲ್ಲಾ ಕಾಸ್ಟಿಕ್ ಸೋಡಾ ಕರಗಿಸಿದ ನೀರಲ್ಲಿ ನೆನೆಹಾಕಿ ಕೆರೀಬೇಕು. ಕಾಸ್ಟಿಕ್ ಚರ್ಮವನ್ನೂ ಬಿಡಲ್ಲ, ತಿನ್ನುತ್ತೆ. ಯೆಜ್ಡಿಗೆ ಎರಡು ಸೈಲೆನ್ಸರ್, ಅಂದ್ರೆ ಕೆಲಸ ಎರಡರಷ್ಟು. ಚಿಕ್ಕಂದಿನಲ್ಲಿ ಅಪ್ಪ ನನ್ನ ಕೆನ್ನೆ ಸವರಿದರೆ ಉಪ್ಪಿನ ಕಾಗದ ಉಜ್ಜಿದ ಹಾಗೆ ಆಗ್ತಿತ್ತು. ಬೆರಳಿನ ಗೆರೆಗಳಲ್ಲಿ ಕಪ್ಪು. ಅನ್ನ ಕಲಸುವಾಗ ಬಲಗೈಯ ಬಿರುಕಿಗೆ ಸಾರು ತಾಗಿ ಉರಿ ಆಗಿ, ಎಷ್ಟೋ ಸಲ ಚಮಚದಲ್ಲಿ ತಿಂತಿದ್ದರು. ಬೀದಿಯವರು ಅದನ್ನ ನೋಡಿ "ಸಾಹೇಬ್ರು ಸ್ಪೂನಲ್ಲಿ ಉಣ್ತಾರೆ" ಅಂತ ನಗ್ತಿದ್ದರು. ಅಪ್ಪನೂ ನಗ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ಗ್ಯಾರೇಜಿನ ಎಲ್ಲಾ ಸ್ಪ್ಯಾನರ್, ಪಾನಾ, ಸುತ್ತಿಗೆಗಳನ್ನ ಸೀಮೆಎಣ್ಣೆಯಲ್ಲಿ ತೊಳೆದು ಫಳಫಳ ಅನ್ನಿಸ್ತಿದ್ದಿದ್ದು ಅಪ್ಪ. ಮಾರನೇ ದಿನ ಅವಕ್ಕೆ ಅರಿಶಿನ ಕುಂಕುಮ ಬೀಳುತ್ತಿದ್ದ ಹಾಗೆ ಅಪ್ಪ ಬಾಗಿಲ ಆಚೆ. ಬೂದುಗುಂಬಳಕಾಯಿ ಒಡೆದ ಮೇಲೆ ರಸ್ತೆ ಗುಡಿಸೋಕೆ ಮತ್ತೆ ಅಪ್ಪನನ್ನೇ ಕರೀತಿದ್ದರು. ದಸರಾ ಅಂದ್ರೆ ಜನಕ್ಕೆ ಅಂಬಾರಿ ನೆನಪಾಗುತ್ತೆ. ನನಗೆ ಕೈಯಲ್ಲಿ ಬೂಂದಿ ಪೊಟ್ಟಣ ಹಿಡಿದು ಬರ್ತಿದ್ದ ಅಪ್ಪ ನೆನಪಾಗ್ತಾರೆ.

ಅಪ್ಪನಿಗೆ ಇದ್ದಿದ್ದು ಒಂದೇ ಹಟ, ಮಗನ ಕೈ ಕಪ್ಪಾಗಬಾರದು. ಶಾಲೆಗೆ ರಜೆ ಇದ್ದಾಗ ಅವ್ವ ಊಟದ ಡಬ್ಬಿ ಕೊಟ್ಟು ಕಳಿಸಿದರೆ ಗ್ಯಾರೇಜಿನ ಹೊರಗೇ ಡಬ್ಬಿ ಇಸಕೊಂಡು ಅಟ್ಟುತ್ತಿದ್ದರು. ಒಂದು ಸಲ ಅಲ್ಲಿ ಬಿದ್ದಿದ್ದ ಒಂದು ನಟ್ಟು ಜೇಬಿಗೆ ಹಾಕಿಕೊಂಡು ಬಂದಿದ್ದೆ. ರಾತ್ರಿ ಅದನ್ನ ನೋಡಿ ಅಪ್ಪ ಹೊಡೆದರು. ಜೀವನದಲ್ಲಿ ಅವರು ನನ್ನ ಹೊಡೆದಿದ್ದು ಅದೊಂದೇ ಸಲ. ಕಳ್ಳತನಕ್ಕೆ ಹೊಡೆದರು ಅಂತ ತುಂಬಾ ವರ್ಷ ಅಂದ್ಕೊಂಡಿದ್ದೆ.

ಅಂಥವರ ಮನೆ ಬಾಗಿಲಿಗೇ ನಾನು ಒಂದು ಯೆಜ್ಡಿ ತಂದು ನಿಲ್ಲಿಸಿ, ಗ್ರೀಸಲ್ಲಿ ಕೈಯಿಟ್ಟು ಕೂತೆ. ಅವರು ಏನೂ ಹೇಳಲಿಲ್ಲ. ನಾನು ಹೊರಗೆ ಕೂತರೆ ಅವರು ಒಳಗೆ ಹೋಗ್ತಿದ್ದರು. ಅವ್ವನ ಹತ್ರ ಒಂದು ಮಾತು ಅಂದಿದ್ದರಂತೆ: "ನಾನು ಕಟ್ಟಿದ ಪೀಜಿಗೆಲ್ಲಾ ಇವ್ನು ಇದ್ನ ಕಲ್ತ್‌ಕಂಡ."

ಏಳೆಂಟು ತಿಂಗಳು ಹೀಗೇ ಹೋಯ್ತು. ಒಂದು ಭಾನುವಾರ ಸೈಲೆನ್ಸರ್ ಬಿಚ್ಚಿದೆ. ಒಳಗೆ ಬೆರಳು ದಪ್ಪ ಕಾರ್ಬನ್. ಕಾಸ್ಟಿಕ್ ನೀರು ಕಲಸಿದೆ, ಕನ್ನಡಕ ಹಾಕ್ಕೊಂಡೆ, ಮೊಣಕೈವರೆಗೆ ಬರೋ ರಬ್ಬರ್ ಗ್ಲೌಸ್ ಹಾಕ್ಕೊಂಡೆ. ಯಾವಾಗ ಬಂದರೋ ಗೊತ್ತಿಲ್ಲ, ಅಪ್ಪ ಹೊಸಲ ಮೇಲೆ ನಿಂತಿದ್ದರು. ತುಂಬಾ ಹೊತ್ತು ನನ್ನ ಕೈಯನ್ನೇ ನೋಡಿದರು.

"ಅದೆಷ್ಟ್ಲಾ ಅದು?"

"ಯಾವುದಪ್ಪ?"

"ಕೈಗ್ ಹಾಕಂಡಿದ್ದೀಯಲ್ಲ, ಅದು."

"ನೂರೈವತ್ತು ರೂಪಾಯಿ."

"ನೂರೈವತ್ತಾ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟೇಯಾ?"

ಒಳಗೆ ಹೋದರು. ನಾನು ಗ್ಲೌಸ್ ತೆಗೆದಿಟ್ಟು ಸುಮ್ಮನೆ ಕೂತೆ. ಸ್ನೇಹಿತರೇ, ನಾನು ಎಷ್ಟೋ ವೇದಿಕೆ ಮೇಲೆ ಶೋಷಣೆ ಬಗ್ಗೆ ಭಾಷಣ ಮಾಡಿದ್ದೀನಿ. ಮೂವತ್ತು ವರ್ಷ ಒಬ್ಬ ಮನುಷ್ಯನ ಕೈ ಸುಟ್ಟಿತ್ತು, ಒಂದು ಜೊತೆ ಗ್ಲೌಸ್ ತಂದುಕೊಡಬೇಕು ಅಂತ ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅಪ್ಪನಿಗೂ ಕೇಳಬೇಕು ಅನ್ನಿಸಿರಲಿಲ್ಲ. ಆ ಕೈ ಇರೋದೇ ಅದಕ್ಕೆ ಅಂತ ಎಲ್ಲರೂ ಒಪ್ಪಿಕೊಂಡಿದ್ದರು. ನನ್ನ ಯಾವ ಭಾಷಣದಲ್ಲೂ ಇದು ಇಷ್ಟು ಸರಿಯಾಗಿ ಬಂದಿರಲಿಲ್ಲ.

ಅದಾದ ಮೇಲೆ ಅಪ್ಪ ಒಳಗೆ ಹೋಗೋದು ನಿಲ್ಲಿಸಿದರು. ಹೊಸಲ ಮೇಲೆ ಕೂತು ಪೇಪರ್ ಓದೋ ಹಾಗೆ ಮಾಡ್ತಿದ್ದರು.

ಎಲ್ಲಾ ಜೋಡಿಸಿ ಸ್ಟಾರ್ಟ್ ಮಾಡೋ ದಿನ ಬಂತು. ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್ ಹಾಕಿ, ಬೀದಿಯ ಹುಡುಗರೆಲ್ಲಾ ಸುತ್ತ ನಿಂತಿರುವಾಗ ಕಿಕ್ ಹೊಡೆದೆ. ಹತ್ತು ಸಲ ಏನೂ ಇಲ್ಲ. ಹನ್ನೊಂದನೇದು ಢಬ್ ಅಂತ ಉಲ್ಟಾ ಒದ್ದು ಹಿಮ್ಮಡಿ ಊದಿಕೊಂಡಿತು. ಹುಡುಗರು ನಗ್ತಿದ್ದಾರೆ, ನಾನು ಕಾಲು ಹಿಡಿದುಕೊಂಡು ಕೂತಿದ್ದೀನಿ. ಪೇಪರ್ ಹಿಂದಿನಿಂದ ದನಿ ಬಂತು: "ಬೆಂಕಿ ಮುಂಚೇಲೇ ಬೀಳ್ತಾ ಅದೆ ಕಣ್ಲಾ. ಪಾಯಿಂಟು ಸರಿಯಾಗ್ ಕೂತಿಲ್ಲ."

ಪಿಸ್ಟನ್ ಮೇಲೆ ಬಂದು ಮುಟ್ಟೋಕೆ ಇನ್ನೊಂಚೂರು ಇರುವಾಗ ಪಾಯಿಂಟ್ ತೆರೆದು ಸ್ಪಾರ್ಕ್ ಬೀಳಬೇಕು. ತೀರಾ ಮುಂಚೆ ಬಿದ್ದರೆ ಪಿಸ್ಟನ್ನನ್ನ ವಾಪಸ್ ತಳ್ಳುತ್ತೆ, ಕಿಕ್ಕರ್ ಕಾಲಿಗೆ ಒದೆಯುತ್ತೆ. ಅಪ್ಪ ಕೂತಲ್ಲಿಂದಲೇ ಹೇಳ್ತಾ ಹೋದರು. ಸಿಗರೇಟ್ ಪ್ಯಾಕಿನ ತೆಳು ಹಾಳೆ ಪಾಯಿಂಟ್ ಮಧ್ಯೆ ಇಡು. ಪ್ಲಗ್ ತೂತಲ್ಲಿ ಸೈಕಲ್ ಕಡ್ಡಿ ಇಳಿಬಿಡು, ಪಿಸ್ಟನ್ ಎಲ್ಲಿದೆ ಅಂತ ಕೈಗೆ ಗೊತ್ತಾಗ್ತದೆ. ಈಗ ಎಂಜಿನ್ ಮೆಲ್ಲಗೆ ತಿರುಗಿಸು. ಹಾಳೆ ಸಡಿಲ ಆಯ್ತಲ್ಲ, ಅದೇ ಬೆಂಕಿ ಬೀಳೋ ಗಳಿಗೆ. ಕಡ್ಡಿ ಇನ್ನೂ ಎಷ್ಟು ಕೆಳಗದೆ ನೋಡು. ಜಾಸ್ತಿ ಕೆಳಗಿದ್ರೆ ಆ ತಟ್ಟೇನ ಕೂದಲೆಳೆಯಷ್ಟು ತಿರುಗಿಸು.

"ಇದನ್ನೆಲ್ಲಾ ನಿನಗೆ ಯಾರಪ್ಪ ಹೇಳಿಕೊಟ್ಟಿದ್ದು?" ಅಂತ ಕೇಳಿದೆ.

"ಯಾರ್ ಹೇಳ್‌ಕೊಟ್ಟಾರು? ಟೈಮಿಂಗ್ ಇಡೋವಾಗ ಓನರ್ರು ಆ ಕಡೆ ತಿರಿಕ್ಕತ್ತಿದ್ರು, ನಮಗೆ ಕಾಣ್ದಂಗೆ. ಕಣ್ಣಿಗ್ ಕಾಣ್ದಿದ್ರೇನು, ಕಿವಿ ಇತ್ತಲ್ಲ."

ಕಿವಿಯಲ್ಲಿ ಕೇಳಿಸಿಕೊಂಡವರಿಗೆ ಏನು ಮಾಡಬೇಕು ಅಂತ ಶಾಸ್ತ್ರ ಬರೆದ ದೇಶ ಇದು. ನಮ್ಮಪ್ಪ ಕಿವಿಯಿಂದಲೇ ಒಂದು ಎಂಜಿನ್ ಪೂರ್ತಿ ಕಲಿತು, ಮೂವತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು.

ಪಾಯಿಂಟ್ ಸರಿ ಮಾಡುವಾಗ ನನ್ನ ಕೈ ನಡುಗ್ತಿತ್ತು. "ನೀನೇ ಒಂದ್ಸಲ ಇಡಪ್ಪ" ಅಂತ ಸ್ಕ್ರೂಡ್ರೈವರ್ ಚಾಚಿದೆ. ಅಪ್ಪ ಕೈ ಹಿಂದಕ್ಕೆ ತಗೊಂಡರು. "ನಾನ್ ಮುಟ್ಟಲ್ಲ ಕಣ್ಲಾ. ಮುಟ್ಟಿದ್ದು ಸಾಕು." ಸಿನಿಮಾ ಆಗಿದ್ರೆ ಅವರು ಎದ್ದು ಬಂದು ಗಾಡಿ ಸರಿ ಮಾಡ್ತಿದ್ದರು. ಅಪ್ಪ ಎದ್ದು ಬರಲಿಲ್ಲ. ಇವತ್ತಿನವರೆಗೂ ಆ ಗಾಡಿಯ ಒಂದು ನಟ್ಟು ಮುಟ್ಟಿಲ್ಲ. ನಾನೂ ಮತ್ತೆ ಕೇಳಿಲ್ಲ. ಬೇಡ ಅನ್ನೋ ಹಕ್ಕು ಅವರಿಗೆ ಎಪ್ಪತ್ತು ದಾಟಿದ ಮೇಲೆ ಸಿಕ್ಕಿದೆ, ಅದನ್ನ ಕಿತ್ಕೊಳ್ಳೋಕೆ ನಾನ್ಯಾರು?

ನಾಲ್ಕನೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯ್ತು.

ಈಗ ಸಂಗಾತಿಯ ಪ್ರಶ್ನೆಗೆ ಬರ್ತೀನಿ. 1945ರಲ್ಲಿ ಪ್ರಕಟವಾದ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಅನ್ನೋ ಪುಸ್ತಕದಲ್ಲಿ ಬಾಬಾಸಾಹೇಬರು ಯಂತ್ರದ ಪರವಾಗಿ ವಾದ ಮಾಡ್ತಾರೆ. ಕೆಡುಕು ಇರೋದು ಯಂತ್ರದಲ್ಲಿ ಅಲ್ಲ, ಅದರ ಫಲವನ್ನ ಕೆಲವರೇ ಇಟ್ಟುಕೊಳ್ಳೋ ಸಮಾಜದಲ್ಲಿ. ಯಂತ್ರ ಇದ್ದರೆ ದುಡಿಯೋನಿಗೆ ಬಿಡುವು ಸಿಗುತ್ತೆ, ಬಿಡುವು ಇದ್ದರೇ ಮನುಷ್ಯ ಬರೀ ಹೊಟ್ಟೆಪಾಡಿನಿಂದ ಮೇಲೆದ್ದು ಮನುಷ್ಯನಾಗೋಕೆ ಸಾಧ್ಯ ಅನ್ನೋದು ಆ ವಾದದ ತಿರುಳು. ನಾವು ಶಿಕ್ಷಣ, ಸಂಘಟನೆ, ಹೋರಾಟ ಮೂರನ್ನೂ ಸರಿಯಾಗಿಯೇ ಹಿಡ್ಕೊಂಡಿದ್ದೀವಿ. ಬಿಡುವಿನ ಮಾತನ್ನ ಮಾತ್ರ ಮರೆತಿದ್ದೀವಿ. ನಮ್ಮವನೊಬ್ಬ ಭಾನುವಾರ ತನಗಿಷ್ಟ ಬಂದ ಕೆಲಸ ಮಾಡಿದ್ರೆ ನಮಗೇ ಅದು ತಪ್ಪು ಅನ್ಸುತ್ತೆ. ಅವರು ಗ್ರೀಸ್ ಮುಟ್ಟಿದರೆ ಹವ್ಯಾಸ, ನಾವು ಮುಟ್ಟಿದರೆ ಕಸುಬು. ಅದೇ ಕೈ, ಅದೇ ಗ್ರೀಸ್. ಅಪ್ಪನಿಗೂ ನನಗೂ ನಡುವೆ ಇರೋ ವ್ಯತ್ಯಾಸ ಒಂದೇ: ಸಾಕು ಅನ್ನಿಸಿದಾಗ ನಾನು ಎದ್ದು ಹೋಗಬಹುದು. ಹೋರಾಟ ಮಾಡ್ತಿರೋದೇ ಆ ಒಂದು ವ್ಯತ್ಯಾಸಕ್ಕಾಗಿ ಅಲ್ವಾ?

ಯಂತ್ರ ಎಲ್ಲಿ ಬರಬೇಕೋ ಅಲ್ಲಿಗೆ ಬಂದಿಲ್ಲ ಅನ್ನೋದೂ ನನಗೆ ಗೊತ್ತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದ ಮೇಲೂ ಮ್ಯಾನ್‌ಹೋಲಿಗೆ ಇಳಿದು ಸಾಯ್ತಿರೋರು ನಮ್ಮವರೇ. ಅಲ್ಲಿ ಗ್ಲೌಸೂ ಇಲ್ಲ, ಮೆಷಿನ್ನೂ ಇಲ್ಲ. ಅದರ ವಿರುದ್ಧ ಬೀದಿಗಿಳಿಯೋದಕ್ಕೂ, ಮನೆ ಮುಂದೆ ಯೆಜ್ಡಿ ಬಿಚ್ಚೋದಕ್ಕೂ ಜಗಳ ಇದೆ ಅಂತ ನನಗೆ ಅನ್ಸಲ್ಲ.

ಇನ್ನೊಂದು ತಮಾಷೆ ಹೇಳಬೇಕು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ಇಟ್ಟುಕೊಂಡಿರೋರೆಲ್ಲಾ ಒಂದು ಕಡೆ ಸೇರ್ತಾರೆ. ನಾನೂ ಹೋಗಿದ್ದೆ. ಒಳ್ಳೆಯವರೇ ಜಾಸ್ತಿ, ಒಬ್ಬರು ಹಳೇ ಸ್ಪೀಡೋಮೀಟರ್ ಕೇಬಲ್ ಸುಮ್ಮನೆ ಕೊಟ್ಟರು. ಇನ್ನೊಬ್ಬರು ಮಾತ್ರ ನನ್ನ ಗಾಡಿ ಸುತ್ತ ಎರಡು ಸುತ್ತು ಬಂದು "ಸೀಟ್ ಒರಿಜಿನಲ್ ಅಲ್ಲ. ಫುಟ್‌ರೆಸ್ಟ್ ಒರಿಜಿನಲ್ ಅಲ್ಲ. ಹೆಡ್‌ಲೈಟಿಗೆ ಎಲ್‌ಇಡಿ ಬೇರೆ. ಕೆಡಿಸಿಬಿಟ್ಟಿದ್ದೀರ" ಅಂದರು. ಯಾವುದೂ ಬೆರಕೆ ಆಗಿರಬಾರದು, ಹುಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು, ಇಲ್ಲದಿದ್ರೆ ಬೆಲೆ ಇಲ್ಲ. ಈ ಮಾತನ್ನ ಬೇರೆ ಕಡೆ ತುಂಬಾ ಸಲ ಕೇಳಿದ್ದೀನಲ್ಲ ಅನ್ನಿಸಿ ನಗು ಬಂತು. ಅವರಿಗೆ ಕಾರಣ ಹೇಳೋಕೆ ಹೋಗಲಿಲ್ಲ, ನಿಮಗೆ ಹೇಳ್ತೀನಿ.

ಅಪ್ಪನ ಮಂಡಿ ಸವೆದಿದೆ, ಕಾಲು ಎತ್ತಿ ದಾಟಿಸೋಕೆ ಕಷ್ಟ. ಅದಕ್ಕೇ ಸೀಟಿನ ಸ್ಪಾಂಜ್ ಕೊಯ್ದು ಎರಡಿಂಚು ತಗ್ಗಿಸಿದೆ. ಹಿಂದಿನ ಫುಟ್‌ರೆಸ್ಟನ್ನ ವೆಲ್ಡಿಂಗ್ ಅಂಗಡಿಯಲ್ಲಿ ಕೆಳಕ್ಕೆ, ಮುಂದಕ್ಕೆ ತರಿಸಿದೆ. ಸೀಟಿನ ಹಿಂದೆ ಹಿಡ್ಕೊಳ್ಳೋಕೆ ಒಂದು ಕಂಬಿ. ರಾತ್ರಿ ಗುಂಡಿ ಕಾಣಲಿ ಅಂತ ಎಲ್‌ಇಡಿ. ಇಷ್ಟೇ ನನ್ನ ಮಾಡಿಫಿಕೇಶನ್. ಎಂಜಿನ್, ಚಾಸಿ, ಆರ್‌ಸಿಯಲ್ಲಿರೋ ಯಾವ ವಿವರಕ್ಕೂ ಕೈ ಹಾಕಿಲ್ಲ, ಅದಕ್ಕೆ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಇದೆ. ಬೀದಿಯ ಹುಡುಗರು "ಅಣ್ಣ, ಸೈಲೆನ್ಸರ್ ಒಳಗಿನ ಕೊಳವೆ ಕಿತ್ತಾಕಣ, ಸೌಂಡ್ ಸಖತ್ ಬತ್ತದೆ" ಅಂತಾರೆ. ಬೇಡ ಅಂದೆ. ಕಾನೂನು ಒಂದು ಕಾರಣ. ಪಕ್ಕದ ಮನೇಲಿ ಎಸ್‌ಎಸ್‌ಎಲ್‌ಸಿ ಓದೋ ಹುಡುಗಿ ಇದ್ದಾಳೆ ಅನ್ನೋದು ಇನ್ನೊಂದು. ಮೀಸೆ ಬಿಟ್ಟಿದ್ದಕ್ಕೆ, ಮದುವೇಲಿ ಕುದುರೆ ಹತ್ತಿದ್ದಕ್ಕೆ, ಬುಲೆಟ್ ಓಡಿಸಿದ್ದಕ್ಕೆ ನಮ್ಮ ಹುಡುಗರು ಏಟು ತಿಂದಿರೋ ದೇಶದಲ್ಲಿ ಗಾಡಿ ಓಡಿಸೋದೇ ಸಾಕಷ್ಟು ಸದ್ದು ಮಾಡುತ್ತೆ.

ಆ ಹುಡುಗರಲ್ಲಿ ಒಬ್ಬ ಸರ್ವಿಸ್ ಸ್ಟೇಷನ್ನಲ್ಲಿ ಗಾಡಿ ತೊಳೆಯೋ ಕೆಲಸ ಮಾಡ್ತಾನೆ. ಹದಿನೆಂಟು ವರ್ಷ. ಪ್ರತಿ ಭಾನುವಾರ ಬರ್ತಾನೆ. ಅಪ್ಪ ಹೊಸಲ ಮೇಲೆ ಕೂತು ಅವನಿಗೆ ಟೈಮಿಂಗ್ ಇಡೋದು ಹೇಳಿಕೊಟ್ಟರು. ಆ ಕಡೆ ತಿರುಗಿಕೊಳ್ಳದೆ, ಎದುರಿಗೆ ಕೂರಿಸಿಕೊಂಡು. ಅವನು ಈ ವರ್ಷ ಐಟಿಐಗೆ ಅರ್ಜಿ ಹಾಕ್ತಾನೆ, ಫೀಸಿಗೆ ಸಹಾಯ ಮಾಡೋರಿದ್ದರೆ ಇನ್‌ಬಾಕ್ಸಿಗೆ ಬನ್ನಿ.

ಮೊನ್ನೆ ಒಂದನೇ ತಾರೀಕು ಪಿಂಚಣಿ ತರೋಕೆ ಅಪ್ಪನನ್ನ ಯೆಜ್ಡಿಯಲ್ಲಿ ಬ್ಯಾಂಕಿಗೆ ಕರ್ಕೊಂಡು ಹೋದೆ. ಮೂವತ್ತು ವರ್ಷ ಯೆಜ್ಡಿ ತೊಳೆದ ಮನುಷ್ಯ ಯೆಜ್ಡಿ ಮೇಲೆ ಕೂತಿದ್ದು ಅದೇ ಮೊದಲು. ವಾಪಸ್ ಬರುವಾಗ ಆ ಗ್ಯಾರೇಜಿದ್ದ ರಸ್ತೆಯಲ್ಲಿ ಹೋಗೋಣ್ವಾ ಅಂತ ಕೇಳಿದೆ. ನನಗೇನೋ ಆಸೆ. "ಯಾಕ್ಲಾ, ಅಲ್ಲೇನದೆ? ಬಿಸಿಲು, ಮನೆಗ್ ನಡಿ" ಅಂದರು. ಮನೆ ಹತ್ರ ಇಳಿದ ಮೇಲೆ ಸೈಲೆನ್ಸರ್ ಕಡೆ ಬಗ್ಗಿ ನೋಡಿ, "ಹೊಗೆ ಜಾಸ್ತಿ. ಆಯಿಲ್ ಕಮ್ಮಿ ಹಾಕು, ಇಲ್ದಿದ್ರೆ ಮತ್ತೆ ಕಾರ್ಬನ್ ಕಟ್ಕತ್ತದೆ" ಅಂದು ಒಳಗೆ ಹೋದರು.

ಈಗ 35 ಎಂಎಲ್ ಹಾಕಿ ನೋಡ್ತಿದ್ದೀನಿ, ಅವರ ಮಾತಿನ ಮೇಲೆ. ಸಂಗಾತಿ, ಮುಂದಿನ ಭಾನುವಾರ ಬಿಡುವು ಮಾಡ್ಕೊಂಡು ಬನ್ನಿ. ಅವ್ವ ಬಾಡೂಟ ಮಾಡ್ತಾಳೆ. ನಿಮಗೂ ಒಂದು ಜೊತೆ ಗ್ಲೌಸ್ ತಂದಿಟ್ಟಿರ್ತೀನಿ.

ಜೈ ಭೀಮ್.